ಕಾಳಪ್ಪ ಕಾಕಾ ಮತ್ತು ನನ್ನ ಓರೆ ಉಳಿಗಳು

ಕಾಳಪ್ಪ ಕಾಕಾ ಯಾವ ಉಳಿಯನ್ನೇ ಆಗಲಿ ಮೊದಲು ಆಕಾಶಕ್ಕೆ ತೋರಿಸುತ್ತಿದ್ದರು. ಕಲಘಟಗಿಯ ನನ್ನ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ನಿಂತು, ಎಡಗೈಯಲ್ಲಿ ಗುಣ್ಯಾ ಹಿಡಿದು, ಬಲಗೈಯಲ್ಲಿದ್ದ ಉಳಿಯ ಬಾಯಿಯನ್ನು ಅದಕ್ಕೆ ತಾಗಿಸಿ, ಎರಡನ್ನೂ ಕೂಡಿಸಿಯೇ ಬೆಳಕಿಗೆ ಹಿಡಿಯುತ್ತಿದ್ದರು. ಎಂದೋ ಚಕ್ಕಡಿಯಿಂದ ಬಿದ್ದು ಅವರ ಬಲ ಹೆಗಲು ಕೆಟ್ಟಿತ್ತು; ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಹಾಗಾಗಿ ಕೈ ಎತ್ತುವ ಬದಲು ತಾವೇ ಮೊಣಕಾಲು ಮಡಚಿ, ಮೈಯನ್ನು ಹಿಂದಕ್ಕೆ ಬಾಗಿಸುತ್ತಿದ್ದರು. ಒಂದು ಕಣ್ಣು ಮುಚ್ಚುತ್ತಿತ್ತು, ಅದರ ಜೋಡಿಗೆ ಬಾಯಿ ತೆರೆದುಕೊಳ್ಳುತ್ತಿತ್ತು. ರಸ್ತೆಯಲ್ಲಿ ಹೋಗುವವರು ಮುದುಕ ಯಾವ ದೇವರಿಗೆ ಹರಕೆ ಹೊತ್ತಿದ್ದಾನೋ ಎಂದು ತಿರುಗಿ ನೋಡುತ್ತಿದ್ದರು.

ಗುಣ್ಯಾ ಅಂದರೆ ಬಡಗಿಗಳ ಮೂಲೆಮಟ್ಟ. ಒಂದು ಕಟ್ಟಿಗೆಯ ಹಿಡಿ, ಅದಕ್ಕೆ ನೆಟ್ಟಗೆ ಅಡ್ಡಲಾಗಿ ಕೂಡಿಸಿದ ಒಂದು ಉಕ್ಕಿನ ಪಟ್ಟಿ. ಉಳಿಯ ಮಗ್ಗುಲನ್ನು ಹಿಡಿಗೆ ಒರಗಿಸಿ ಬಾಯಿಯನ್ನು ಪಟ್ಟಿಗೆ ತಾಗಿಸಿದರೆ, ಬಾಯಿ ನೇರವಾಗಿದ್ದಲ್ಲಿ ನಡುವೆ ಬರೀ ಕತ್ತಲು. ಕೂದಲೆಳೆಯಷ್ಟು ಓರೆ ಇದ್ದರೂ ಒಂದು ಮೂಲೆಯಿಂದ ಬೆಳಕಿನ ಎಳೆಯೊಂದು ಇಣುಕುತ್ತದೆ.

“ಬೆಳಕ ಸೋರಾಕತ್ತೈತ್ರಿ ಬಸಣ್ಣಾರ,” ಅನ್ನುತ್ತಿದ್ದರು ಕಾಕಾ. ಮಳೆಗಾಲದಲ್ಲಿ ಪಕ್ಕದ ಮನೆಯವರು ಬಂದು ನಿಮ್ಮ ಮಾಳಿಗೆ ಸೋರುತ್ತಿದೆ ಎಂದು ಹೇಳುವ ದನಿ ಅದು. ಸಿಟ್ಟಿಲ್ಲ, ವ್ಯಂಗ್ಯವೂ ಇಲ್ಲ. ಆ ದನಿಗೇ ನಾನು ಎರಡು ರಾತ್ರಿ ನಿದ್ದೆಗೆಡುತ್ತಿದ್ದೆ.

ನನ್ನ ಚಿಂತೆಯ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಿರಣಿಗೆ ಕೀಲಿ ಹಾಕಿ, ಎಳೆದು ನೋಡಿ, ಹತ್ತು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೆ ಎಳೆದು ನೋಡುವ ಮನುಷ್ಯ ನಾನು. ಹುಬ್ಬಳ್ಳಿ ಬಸ್ಸು ಹತ್ತಿದರೆ ಇಳಿಯುವ ತನಕ ತಿಕೀಟು ಅಂಗೈಯಲ್ಲೇ ಇರಬೇಕು. ಬೆವರಿಗೆ ಅದರ ಅಕ್ಷರ ಅಳಿಸಿಹೋದರೆ ಏನು ಗತಿ ಎಂಬುದು ಅದರ ಮೇಲಿನ ಇನ್ನೊಂದು ಚಿಂತೆ. “ಚಿಂತಿ ಮಾಡಾಕ ಏನೂ ಇಲ್ಲಂದ್ರ ಇವ್ರಿಗೆ ಅದ ಒಂದ ಚಿಂತಿ,” ಎಂದು ನನ್ನ ಹೆಂಡತಿ ಗಿರಿಜಾ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಸುಳ್ಳಲ್ಲ. ಏನೂ ಇಲ್ಲದ ದಿನ ನನಗೆ ಹೆಚ್ಚು ದಿಗಿಲು. ಏನೋ ಬರುವುದಿದೆ, ಅದಕ್ಕೇ ಇಷ್ಟು ಸುಮ್ಮನಿದೆ ಅನ್ನಿಸುತ್ತದೆ.

ಇಂಥವನು ಎಂಬತ್ತರ ದಶಕದ ಮೊದಲಲ್ಲಿ ಕರೆಂಟಿನ ಸಾಣೆಯೊಂದನ್ನು ತಂದು ಗಿರಣಿಯ ಪಡಸಾಲೆಯ ಮೂಲೆಯಲ್ಲಿ ಕೂರಿಸಿದ್ದು ಯಾವ ಗ್ರಹಚಾರದಿಂದಲೋ. ಬೀಸುವ ಕೆಲಸ ಕಡಿಮೆ ಇರುವ ತಿಂಗಳಲ್ಲಿ ಕೂತು ಚಿಂತೆ ಮಾಡುವ ಬದಲು ಏನಾದರೂ ಮಾಡೋಣ ಎಂದುಕೊಂಡೆ. ಮೋಟಾರು, ಅದರ ತುದಿಗೆ ಗರಗರ ತಿರುಗುವ ಬೂದು ಬಣ್ಣದ ಕಲ್ಲಿನ ಗಾಲಿ, ಅದರ ಮುಂದೆ ಹತಾರ ಇಟ್ಟುಕೊಳ್ಳಲು ಒಂದು ಕಬ್ಬಿಣದ ಪಟ್ಟಿ. ಸುರುವಿನ ಒಂದು ತಿಂಗಳು ಕಲ್ಲು ಒಡೆದು ಹಾರೀತೆಂದು ಹೆದರಿ, ಬಾಗಿಲ ಹಿಂದೆ ನಿಂತು, ಕೈ ಮಾತ್ರ ಹೊರಗೆ ಚಾಚಿ ಗುಂಡಿ ಒತ್ತುತ್ತಿದ್ದೆ. ಕುಡಗೋಲು, ಕೊಡಲಿ, ಕಬ್ಬು ಕಡಿಯುವ ಕತ್ತಿ ಬರುತ್ತಿದ್ದವು. ಅವುಗಳ ಬಾಯಿ ಸೊಟ್ಟಗಿದೆಯೆಂದು ಯಾವ ಭತ್ತವೂ ಯಾವ ಕಬ್ಬೂ ದೂರು ಹೇಳಲಿಲ್ಲ. ನಾನು ಸಾಣೆ ಹಿಡಿಯುವುದರಲ್ಲಿ ಪಳಗಿದವನೆಂದು ಊರೂ ನಂಬಿತು, ನಾನೂ ನಂಬಿದೆ.

ಕಾಳಪ್ಪ ಕಾಕಾ ತೊಟ್ಟಿಲು ಮಾಡುವವರು. ನಮ್ಮ ಕಲಘಟಗಿಯ ತೊಟ್ಟಿಲನ್ನು ನೀವು ನೋಡಿರಬಹುದು: ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತಲೂ ಬರೆದ ಚಿತ್ರ. ನಾಲ್ಕು ಮೂಲೆಗೆ ನಾಲ್ಕು ಕಂಬ. ಕಂಬಗಳಲ್ಲಿ ಚೌಕ ತೂತು ಹೊಡೆದು, ಅಡ್ಡಪಟ್ಟಿಗಳ ತುದಿಯ ನಾಲಿಗೆಯನ್ನು ಅದರೊಳಗೆ ಕೂರಿಸಿ, ಕಟ್ಟಿಗೆಯದೇ ಗೂಟ ಬಡಿಯುತ್ತಾರೆ. ಒಂದು ಕಬ್ಬಿಣದ ಮೊಳೆ ಇರುವುದಿಲ್ಲ. ತೂತು ಹೊಡೆಯುವ ಉಳಿಯ ಬಾಯಿ ಓರೆಯಿದ್ದರೆ ಏಟು ಬಿದ್ದಂತೆಲ್ಲ ಉಳಿ ಒಂದು ಮಗ್ಗುಲಿಗೆ ಸರಿಯುತ್ತ ಹೋಗುತ್ತದೆ, ತೂತು ಸೊಟ್ಟಗಾಗುತ್ತದೆ, ಅದರೊಳಗಿನ ನಾಲಿಗೆ ಅಲ್ಲಾಡುತ್ತದೆ. ಕೂಸು ಮಲಗುವ ವಸ್ತು ಅಲ್ಲಾಡಿದರೆ ನಡೆಯುತ್ತದೆಯೇ?

ಹಿಂದೆಲ್ಲ ಕಾಕಾ ಉಳಿಗಳನ್ನು ಕೈಯಲ್ಲೇ ಕಲ್ಲಿಗೆ ಮಸೆಯುತ್ತಿದ್ದರಂತೆ. ಹೆಗಲು ಕೆಟ್ಟ ಮೇಲೆ ನಾಲ್ಕು ಸಲ ಉಜ್ಜಿದರೆ ನಾಲ್ಕು ದಿನ ನೋವು. ಅದಕ್ಕೇ ನನ್ನ ಸಾಣೆಯ ಸುದ್ದಿ ಕೇಳಿ ಬಂದರು. ಮೊದಲ ಸಲ ಕೊಟ್ಟದ್ದು ಅರ್ಧ ಇಂಚು ಅಗಲದ ಒಂದು ಉಳಿ, ಕಮ್ಮಾರನ ಕೈಯಲ್ಲಿ ಬಡಿಸಿದ್ದು. ನಾನು ಕುಡಗೋಲಿಗೆ ಒತ್ತಿದಂತೆ ಒತ್ತಿದೆ. ಕಿಡಿ ಹಾರಿತು, ಬಾಯಿ ನೀಲಿಯಾಯಿತು. ಕಾಕಾ ಮೊಣಕಾಲು ಮಡಚಿ, ಆಕಾಶಕ್ಕೆ ತೋರಿಸಿ, ಬಹಳ ಹೊತ್ತು ನೋಡಿದರು.

“ಬಸಣ್ಣಾರ, ಈ ಉಳಿ ಗುಡಿ ಕಡೆ ಮಾರಿ ಮಾಡಿ ಬಸ್‌ಸ್ಟ್ಯಾಂಡಿಗೆ ಹೊಂಟೈತ್ರಿ.”

ನಾನು ಗಡಬಡಿಸಿ ತಿರುಗಿ ಕಸಿದುಕೊಂಡೆ. ಬಲಗಡೆ ಹೆಚ್ಚು ಸವೆದಿದೆ ಅಲ್ಲವೇ, ಎಡಗಡೆ ಒತ್ತಿದೆ. ಈಗ ಎಡಗಡೆ ಹೆಚ್ಚಾಯಿತು. ಬಲಗಡೆ ಒತ್ತಿದೆ. ಹೀಗೆ ನ್ಯಾಯ ಮಾಡುತ್ತ ಮಾಡುತ್ತ ಗೇಣುದ್ದದ ಉಳಿ ಒಂದು ಬೆರಳಿನಷ್ಟು ಸವೆಯಿತು, ಓರೆ ಮಾತ್ರ ಹುಟ್ಟಿದಲ್ಲೇ ಉಳಿಯಿತು. ಕಾಕಾ ಕೈ ಹಿಡಿದು ನಿಲ್ಲಿಸಿದರು. “ಸಾಕ್ರಿ. ಇನ್ನ ಮಸದ್ರ ಹಿಡಿ ಅಷ್ಟ ಉಳಿತೈತಿ.”

ಮತ್ತೆ ಬರಲಾರರು ಎಂದುಕೊಂಡೆ. ಎಂಟು ದಿನಕ್ಕೆ ಇನ್ನೊಂದು ಉಳಿ ಹಿಡಿದು ಬಂದರು. ನನ್ನ ಮೇಲಿನ ವಿಶ್ವಾಸದಿಂದಲ್ಲ, ಹೆಗಲಿನ ನೋವಿನಿಂದ. ಅಷ್ಟು ನನಗೂ ತಿಳಿಯುತ್ತಿತ್ತು.

ಅದೇ ವರ್ಷ ಕಾರಹುಣ್ಣಿಮೆಯ ಹೊತ್ತಿಗೆ ಗಿರಿಜಾಗೆ ಬಸಿರು ನಿಂತಿತು. ನನಗೆ ಮೂವತ್ತೆಂಟು, ಆಕೆಗೆ ಮೂವತ್ತಮೂರು. ಅದಕ್ಕೂ ಮೊದಲು ಎರಡು ಸಲ ನಿಂತು, ಎರಡು ಸಲವೂ ಉಳಿದಿರಲಿಲ್ಲ. ಎರಡನೆಯ ಸಲ ಏಳನೆಯ ತಿಂಗಳು. ಆಗ ನಾನೊಂದು ಕೆಲಸ ಮಾಡಿದ್ದೆ. ಹುಬ್ಬಳ್ಳಿಯ ಪೇಟೆಯಲ್ಲಿ ತೊಟ್ಟಿಲಿಗೆ ಹಾಕುವ ಹಿತ್ತಾಳೆಯ ಸರಪಳಿ ಚೆಂದ ಕಂಡಿತೆಂದು, ಮುಂದೆ ಸಿಗುತ್ತದೋ ಇಲ್ಲವೋ ಎಂಬ ಚಿಂತೆಗೆ, ನಾಲ್ಕು ಎಳೆ ತಂದುಬಿಟ್ಟಿದ್ದೆ. ನಮ್ಮಲ್ಲಿ ಕೂಸು ಹುಟ್ಟುವ ಮೊದಲು ತೊಟ್ಟಿಲಿನ ಮಾತೇ ಆಡುವುದಿಲ್ಲ. ತರುವುದು ದೂರ ಉಳಿಯಿತು. ಸರಪಳಿ ಮನೆಗೆ ಬಂದ ಹತ್ತನೆಯ ದಿನ ಆದದ್ದು ಆಯಿತು. ಅವ್ವ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಸರಪಳಿಯನ್ನು ಗೋಣಿಯಲ್ಲಿ ಸುತ್ತಿ ಗಿರಣಿಯ ಅಟ್ಟದ ಮೇಲೆ ಹಾಕಿದೆ. ಮೋಟಾರು ಓಡುವಾಗ ಅಟ್ಟ ನಡುಗಿ ಅದು ಸಣ್ಣಗೆ ಸದ್ದು ಮಾಡುತ್ತಿತ್ತು. ದಿನಾ ಕೇಳುತ್ತಿದ್ದೆ.

ಇಷ್ಟಾದ ಮೇಲೂ, ಮೂರನೆಯ ಸಲದ ಐದನೆಯ ತಿಂಗಳಿಗೆ ನನಗೆ ಇನ್ನೊಂದು ಚಿಂತೆ ಹತ್ತಿತು. ಹದಿಮೂರನೆಯ ದಿನ ಹೆಸರಿಟ್ಟು ತೊಟ್ಟಿಲಿಗೆ ಹಾಕಬೇಕು. ಹುಟ್ಟಿದ ಮೇಲೆ ಹೇಳಿದರೆ ಬರೀ ಹದಿಮೂರು ದಿನದಲ್ಲಿ ತೊಟ್ಟಿಲು ಆಗುತ್ತದೆಯೇ? ಹೇಳಿದರೂ ಹೆದರಿಕೆ, ಹೇಳದಿದ್ದರೂ ಹೆದರಿಕೆ. ಕಡೆಗೆ ಒಂದು ಮಧ್ಯಾಹ್ನ ಕಾಕಾರ ಕೆಲಸದ ಮನೆಗೆ ಹೋಗಿ, ಹವಾ, ಭತ್ತ, ಕರೆಂಟು ಎಲ್ಲ ಮಾತಾಡಿ, ಎದ್ದು ಹೊರಡುವಾಗ ಕೇಳಿದೆ.

“ಅಲ್ರಿ ಕಾಕಾ, ಒಂದ ತೊಟ್ಟಿಲಾಗಾಕ ಎಷ್ಟ ದಿನ ಹಿಡಿತೈತ್ರಿ? ಸುಮ್ನ ಕೇಳಿದ್ನಿ.”

ಕಾಕಾ ನನ್ನ ಮುಖ ನೋಡಲಿಲ್ಲ. ಗೋಡೆಗೆ ಒರಗಿಸಿದ್ದ ಕಟ್ಟಿಗೆಗಳ ಕಡೆ ಗದ್ದ ಎತ್ತಿ ತೋರಿಸಿದರು. ಅರಗು ಹಾಕಿ ಕಡೆದ ಕೆಂಪು ಹಳದಿ ಕಂಬಗಳು, ಚಿತ್ರ ಬರೆದ ಹಲಗೆಗಳು, ಅಡ್ಡಪಟ್ಟಿಗಳು, ಎಲ್ಲ ಬಿಡಿಬಿಡಿ. ಒಂದರಲ್ಲೂ ತೂತಿಲ್ಲ.

“ಇದೇನೈತ್ರಿ ಇದು?”

“ತೊಟ್ಟಿಲ,” ಎಂದೆ.

“ಅಲ್ರಿ. ಇದು ಕಟಗಿ. ತೂತ ಹೊಡದು ಕೂಡಸೂ ತನಕ ಕಟಗೀನ. ಕೂಸ ಹುಟ್ಟಿದ ಸುದ್ದಿ ಬಂದ ಮ್ಯಾಲ ನಾ ಉಳಿ ಹಚ್ಚಾಂವ. ನಮ್ಮಪ್ಪನೂ ಹಂಗ, ಅವರಪ್ಪನೂ ಹಂಗ. ಎಂಟ ದಿನದ ಕೆಲಸ, ಹದಿಮೂರ ದಿನ ಅದಾವ. ಮತ್ತೇನ್ರಿ?”

 ಸಮಾಧಾನ ಹೇಳಿದರೂ ಅದರಲ್ಲಿ ಸೀಳು ಹುಡುಕುವುದು ನನ್ನ ಚಾಳಿ. ಎಂಟು ದಿನ ಅಂದರೆ ಹೆಗಲು ಸರಿ ಇದ್ದಾಗಿನ ಲೆಕ್ಕವೋ, ಈಗಿನದೋ?

ಕಾಕಾ ಚೀಲ ಎಳೆದುಕೊಂಡು ಮೂರು ಉಳಿ ತೆಗೆದರು. ಅದರಲ್ಲಿ ನಾನು ಒಂದು ಬೆರಳು ತಿಂದುಹಾಕಿದ ಮೋಟು ಉಳಿಯೂ ಇತ್ತು. “ತೊಟ್ಟಿಲ ನಂದು. ಉಳಿ ನಿಮ್ಮದು. ಅಲ್ಲೀತನಕ ಇವನ್ನ ಗುಣ್ಯಾಕ ಕುಂದ್ರೂ ಹಂಗ ಮಸಿಯೂದು ಕಲೀರಿ. ಸುಮ್ನ ಕುಂತ್ರ ನಿಮ್ಮ ತಲಿ ನಿಮ್ಮನ್ನ ತಿಂತೈತಿ.”

ಆವತ್ತಿನಿಂದ ಶಿವರಾತ್ರಿಯ ತನಕ ವಾರಕ್ಕೆ ಎರಡು ಸಲ ಕಾಕಾ ಗಿರಣಿಗೆ ಬಂದರು. ಪಡಸಾಲೆಯಲ್ಲಿ ಹಿಟ್ಟಿನ ಚೀಲದ ಮೇಲೆ ಕೂತು, ಎದ್ದು ಹೋಗುವಾಗ ಹಿಂದೆಲ್ಲ ಬೆಳ್ಳಗಾಗಿ, ಹಾಗೇ ಪೇಟೆಯಲ್ಲಿ ನಡೆದು ಹೋಗುತ್ತಿದ್ದರು. ಅವರು ಕಲಿಸುತ್ತಿದ್ದ ರೀತಿ ವಿಚಿತ್ರ. ತಪ್ಪು ಎಲ್ಲಿದೆ ಎಂದು ಹೇಳುತ್ತಿರಲಿಲ್ಲ. ತೊಟ್ಟಿಲಿಗೆ ಹಚ್ಚುವ ಕೆಂಪು ಬಣ್ಣವನ್ನು ಒಂದು ಕರಟದಲ್ಲಿ ಕಲಸಿ ತರುತ್ತಿದ್ದರು. ಉಳಿಯ ಇಳಿಜಾರು ಬಾಯಿಗೆ ಅದನ್ನು ಬೆರಳಿನಿಂದ ಸವರಿ, ಆರಿದ ಮೇಲೆ ನನ್ನ ಕೈಗೆ ಕೊಡುವುದು.

“ಒಮ್ಮೆ ತಾಗಸ್ರಿ. ಒಮ್ಮೆ ಅಂದ್ರ ಒಮ್ಮೆ. ನೊಣ ಕುಂತ ಎದ್ದಂಗ.”

ತಾಗಿಸಿ ತೆಗೆದರೆ ಕೆಂಪು ಬಳಿದ ಕಡೆ ಕಲ್ಲು ಮುಟ್ಟಿದಷ್ಟೇ ಜಾಗ ಬೆಳ್ಳಗೆ ಹೊಳೆಯುತ್ತಿತ್ತು. ಅದು ಯಾವಾಗಲೂ ಬಲ ಮೂಲೆಯಲ್ಲೇ.

“ಎಲ್ಲಿ ಬಣ್ಣ ಹೋತು?”

“ಬಲಕ್ಕ.”

“ಹಂಗಾರ ಏನ ಮಾಡ್ತೀರಿ?”

“ಎಡಕ್ಕ ಒತ್ತತೀನ್ರಿ.”

“ಅದ ನೋಡ್ರಿ ನಿಮ್ಮ ರೋಗ. ಎಡಕ್ಕ ಒತ್ತಬ್ಯಾಡ್ರಿ. ಬಲಕ್ಕ ಒತ್ತೂದು ಬಿಡ್ರಿ.”

ಎರಡೂ ಒಂದೇ ಅಲ್ಲವೇ ಎಂದು ವಾದಿಸಿದೆ. ಅಲ್ಲ ಎಂದು ಗೊತ್ತಾಗಲು ತಿಂಗಳೇ ಹಿಡಿಯಿತು.

ಮೊದಲು ಕಲ್ಲಿನ ಮೇಲೆಯೇ ತಪ್ಪು ಹೊರಿಸಿ ನೋಡಿದೆ. ಅದು ಅರ್ಧ ನಿಜ. ಕುಡಗೋಲುಗಳನ್ನು ಹಿಡಿದು ಹಿಡಿದು ಕಲ್ಲಿನ ನಡುವೆ ತಗ್ಗು ಬಿದ್ದಿತ್ತು. ಕಾಕಾ ಅದನ್ನು ತಿಕ್ಕಿ ಮಟ್ಟ ಮಾಡಿಸಿದರು. ಆಮೇಲೆ ಹತಾರ ಇಡುವ ಕಬ್ಬಿಣದ ಪಟ್ಟಿಗೆ ಗುಣ್ಯಾ ಹಿಡಿದು ನೋಡಿದರೆ ಅದು ಒಂದು ಅಕ್ಕಿಕಾಳಿನಷ್ಟು ವಾರೆ ಕೂತಿತ್ತು. ನಟ್ಟು ಸಡಿಲಿಸಿ ಕೂರಿಸಿದೆವು. ಅಂದು ನನಗಾದ ಸಂತೋಷ ಹೇಳತೀರದು. ತಪ್ಪು ನನ್ನದಲ್ಲ, ಪಟ್ಟಿಯದು ಎಂದು ಅವ್ವನಿಗೆ, ಗಿರಿಜಾಗೆ, ಬೀಸಲು ಬಂದವರಿಗೆಲ್ಲ ಹೇಳಿದೆ. ಮರುದಿನವೂ ಬಣ್ಣ ಬಲಕ್ಕೇ ಹೋಯಿತು.

ಇನ್ನೊಂದು ದಿನ ನನಗೆ ಹುಚ್ಚು ಹಿಡಿಯುವಂತಾಯಿತು. ಉಳಿಯ ಎಡ ಮಗ್ಗುಲಿಗೆ ಗುಣ್ಯಾ ಹಿಡಿದರೆ ಬಾಯಿ ಸರಿ, ಬೆಳಕು ಸೋರುತ್ತಿಲ್ಲ. ತಿರುಗಿಸಿ ಬಲ ಮಗ್ಗುಲಿಗೆ ಹಿಡಿದರೆ ಓರೆ. ಎಡ, ಬಲ, ಎಡ, ಬಲ, ಹನ್ನೆರಡು ಸಲ ನೋಡಿದೆ.  ಆ ಹೊತ್ತಿಗೆ ಗಿರಿಜಾಗೆ ಏಳನೆಯ ತಿಂಗಳು ಬಂದಿತ್ತು. ಹಿಂದಿನ ಸಲದ ಏಳನೆಯ ತಿಂಗಳನ್ನು ನಾವಿಬ್ಬರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಗಿರಣಿಗೆ ಹೊಂದಿದ ನಮ್ಮ ಮನೆಯೊಳಗೆ ಆಕೆ ಕೆಮ್ಮಿದರೂ ನಾನು ಓಡಿ ಹೋಗಿ ನಿಲ್ಲುತ್ತಿದ್ದೆ. “ಕೆಮ್ಮು ಬಂತು, ಕೆಮ್ಮಿದ್ನಿ. ಹೋಗ್ರಿ,” ಅನ್ನುತ್ತಿದ್ದಳು.

“ಗುಣ್ಯಾ ಕೆಟ್ಟೈತ್ರಿ ಕಾಕಾ,” ಎಂದೆ.

“ಗುಣ್ಯಾ ಕೆಡೂದಿಲ್ರಿ. ಈ ಉಳಿ ಕಮ್ಮಾರನ ಕೈಯಾಗ ಹುಟ್ಟಿದ್ದು, ಬುಡದಾಗ ದಪ್ಪ, ತುದಿಗೆ ಸಣ್ಣ. ಅದರ ಎರಡ ಮಗ್ಗಲಾ ಒಂದಕ್ಕೊಂದ ಸರಿ ಇಲ್ಲ. ಎರಡೂ ಕಡೆ ಕೇಳಿದ್ರ ಎರಡ ಮಾತ ಹೇಳತಾವ. ನೀವು ಒಬ್ಬ ಡಾಕ್ಟರ್ ಮುಗಸಿ ಇನ್ನೊಬ್ಬ ಡಾಕ್ಟರ್ ಕಡೆ ಹೊಕ್ಕೀರಲ್ಲ, ಹಂಗ.”

ನಾನು ಗಿರಿಜಾಳನ್ನು ಹುಬ್ಬಳ್ಳಿಯಲ್ಲಿ ಇಬ್ಬರು ಡಾಕ್ಟರಿಗೆ ತೋರಿಸುತ್ತಿದ್ದುದು, ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರಿಗೆ, ಕಾಕಾರಿಗೆ ಹೇಗೆ ಗೊತ್ತಾಯಿತೋ. ಒಬ್ಬರು ನಡೆಯಿರಿ ಅಂದಿದ್ದರು, ಇನ್ನೊಬ್ಬರು ಮಲಗಿರಿ ಅಂದಿದ್ದರು. ನಾನು ಆಕೆಯನ್ನು ಬೆಳಿಗ್ಗೆ ನಡೆಸಿ ಮಧ್ಯಾಹ್ನ ಮಲಗಿಸುತ್ತಿದ್ದೆ.

ಕಾಕಾ ಉಳಿಯ ಬೆನ್ನಿನ ನಟ್ಟನಡುವೆ ಸೂಜಿಯಿಂದ ಉದ್ದಕ್ಕೆ ಒಂದು ಗೆರೆ ಎಳೆದರು. “ಮಗ್ಗಲಾ ಬಿಡ್ರಿ. ಈ ನಡುವಿನ ಗೆರಿಗೆ ಬಾಯಿ ಸರಿ ಐತೇನಿಲ್ಲ, ಅಷ್ಟ ನೋಡ್ರಿ. ಒಮ್ಮೆ ನೋಡ್ರಿ. ಹನ್ನೆರಡ ಸಲ ನೋಡಿದ್ರ ದೇವರ ಮಾರಿನೂ ಸೊಟ್ಟಗ ಕಾಣತೈತಿ.”

ಕಡೆಗೆ ಉಳಿದದ್ದು ನನ್ನ ಹೆಬ್ಬೆರಳು. ಕಲ್ಲು ತಿರುಗುವ ಸದ್ದಿಗೆ ನನಗೆ ಅರಿವಿಲ್ಲದಂತೆ ಬಲ ಹೆಬ್ಬೆರಳು ಉಳಿಯ ಮೇಲೆ ಗಟ್ಟಿಯಾಗಿ ಒತ್ತಿ ಕೂರುತ್ತಿತ್ತು. ಬಸ್ಸಿನಲ್ಲಿ ತಿಕೀಟು ಹಿಡಿಯುವ ಹೆಬ್ಬೆರಳು ಅದು. ಕಾಕಾ ಅದನ್ನು ಎಷ್ಟೋ ವಾರ ನೋಡಿದ ಮೇಲೆ ಒಂದು ದಿನ ಮೆಲ್ಲಗೆ ಎತ್ತಿ ಬದಿಗಿಟ್ಟರು, ಕೂಸಿನ ಕೈಯಿಂದ ಏನಾದರೂ ಬಿಡಿಸುವ ಹಾಗೆ. “ನಿಮ್ಮ ಅಂಜಿಕಿ ಎಲ್ಲಾ ಇಲ್ಲೇ ಬಂದ ಕುಂತೈತ್ರಿ. ಇದನ್ನ ಎತ್ತರಿ. ಉಳಿ ತನ್ನ ಭಾರದಿಂದ ತಾನ ಕುಂದರತೈತಿ.” ಆವತ್ತು ಮೊದಲ ಸಲ ಕೆಂಪು ಬಣ್ಣ ಬಾಯಿಯ ಈ ತುದಿಯಿಂದ ಆ ತುದಿಯ ತನಕ ಒಂದೇ ಗೆರೆಯಾಗಿ ಹೋಯಿತು. ಕಾಕಾ ಮೊಣಕಾಲು ಮಡಚಿ ನೋಡಿ, “ಕತ್ತಲ ಐತ್ರಿ,” ಎಂದರು. ಆ ಎರಡು ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಹಿಟ್ಟಿನ ಧೂಳಿನ ಮೇಲೆ ಹಾಕಿದೆ. ಅದು ಕಾಕಾ ಎದುರಿಗೆ ಕೂತಾಗಿನ ಮಾತು. ಅವರಿಲ್ಲದಾಗ ಮಸೆದರೆ ಹೆಬ್ಬೆರಳು ತನ್ನ ಜಾಗ ತಾನೇ ಹುಡುಕಿಕೊಂಡು ಹೋಗುತ್ತಿತ್ತು.

ಶಿವರಾತ್ರಿ ಕಳೆದು ಹತ್ತು ದಿನಕ್ಕೆ ಹುಬ್ಬಳ್ಳಿಯ ದವಾಖಾನೆಯಲ್ಲಿ ಮಗಳು ಹುಟ್ಟಿದಳು. ಉಳಿದಳು. ನಾನು ಮಾಡಿದ ಮೊದಲ ಕೆಲಸ ಬಸ್ಸು ಹತ್ತಿ ಬಂದು, ಮನೆಗೂ ಹೋಗದೆ, ಕಾಕಾರ ಬಾಗಿಲಲ್ಲಿ ನಿಂತದ್ದು. ಅವರು ನನ್ನ ಮುಖ ನೋಡಿ, ಕಂಬವೊಂದನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು, ಉಳಿ ಹಚ್ಚಿದರು.

ಬೇಸಿಗೆ ಸುರುವಾಗಿತ್ತು. ಕರೆಂಟು ಹಗಲಿಗೆ ಎರಡು ತಾಸು ಬಂದರೆ ಪುಣ್ಯ. ಮೊದಲ ಮೂರು ಕಂಬದ ತೂತಿಗೆ ಬೇಕಾದ ಉಳಿಗಳನ್ನು ಕಾಕಾ ಪಕ್ಕದಲ್ಲೇ ಕೂತು ನನ್ನಿಂದ ಮಸೆಸಿಕೊಂಡು ಹೋದರು. ಹತ್ತನೆಯ ದಿನ ಮಧ್ಯಾಹ್ನ ಬಿಸಿಲಲ್ಲಿ ನಡೆದು ಬಂದರು. ನಾಲ್ಕನೆಯ ಕಂಬದ ಕಟ್ಟಿಗೆಯಲ್ಲಿ ಒಂದು ಗಂಟು. ಉಳಿಯ ಬಾಯಿ ಮೂಲೆಯಲ್ಲಿ ಚೂರು ಹಾರಿಹೋಗಿತ್ತು. ಹೆಗಲು ಬಿಗಿದು ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡಿದ್ದರು.

“ಕರೆಂಟ ಐತೇನ್ರಿ?”

“ಈಗ ಬಂದೈತ್ರಿ. ಎಷ್ಟೊತ್ತ ಇರತೈತೋ.”

“ಹಂಗಾರ ಮಸೀರಿ. ನಾ ಅಲ್ಲಿ ಚಾ ಕುಡದ ಬರತೀನಿ.”

“ಕಾಕಾ, ನೀವು ಬಾಜೂಕ ಕುಂದರ್ರಿ. ಹೆಸರಿಡಾಕ ಇನ್ನ ಮೂರ ದಿನ ಐತಿ, ಇದೊಂದ ಕೆಟ್ರ…”

“ಅದಕ್ಕ ಕುಂದರೂದಿಲ್ಲ,” ಎಂದು ರಸ್ತೆ ದಾಟಿ ಹೋದರು. ಎದುರಿನ ಚಾದಂಗಡಿಯ ಬೆಂಚಿನ ಮೇಲೆ ನನಗೆ ಬೆನ್ನು ಮಾಡಿ ಕೂತರು.

ಆ ಕಾಲು ತಾಸು ನನಗೆ ಇಂದಿಗೂ ನೆನಪಿದೆ. ಚೂರು ಹೋಗಿದ್ದರಿಂದ ಪೂರಾ ಬಾಯಿಯನ್ನೇ ಹಿಂದಕ್ಕೆ ತರಬೇಕಿತ್ತು. ಬಣ್ಣದ ಕರಟ ಇರಲಿಲ್ಲ. ಅವ್ವನ ಕುಂಕುಮದ ಭರಣಿ ತಂದು ಎಣ್ಣೆಯಲ್ಲಿ ಕಲಸಿ ಸವರಿದೆ. ತಾಗಿಸಿದೆ, ತೆಗೆದೆ, ನೀರಿಗೆ ಅದ್ದಿದೆ, ನೋಡಿದೆ. ಹೆಬ್ಬೆರಳು ಕೂರಲು ಬಂದರೆ ಎತ್ತಿದೆ. ಮೇಲೆ ಅಟ್ಟದಲ್ಲಿ ಸರಪಳಿ ಸದ್ದು ಮಾಡುತ್ತಿತ್ತು. ಕಾಕಾ ಬಿಟ್ಟುಹೋದ ಗುಣ್ಯಾ ಹಿಡಿದು ನೋಡಿದೆ. ಕತ್ತಲೋ ಬೆಳಕೋ ತಿಳಿಯಲಿಲ್ಲ, ಕಣ್ಣಿಗೆ ಬೆವರು ಇಳಿದಿತ್ತು. ಒಮ್ಮೆ ನೋಡ್ರಿ ಎಂದಿದ್ದರಲ್ಲ, ಒಮ್ಮೆ ನೋಡಿಯಾಯಿತು. ಕರೆಂಟು ಹೋಯಿತು. ಕಲ್ಲು ನಿಧಾನಕ್ಕೆ ತಿರುಗಿ ತಿರುಗಿ ನಿಂತಿತು.

ಕಾಕಾ ಬಂದರು. ಉಳಿ ತೆಗೆದುಕೊಂಡು ಹೆಬ್ಬೆರಳಿನ ಉಗುರಿಗೆ ತಾಗಿಸಿ ಹರಿತ ನೋಡಿದರು. ನಾನು ಗುಣ್ಯಾವನ್ನು ಮುಂದೆ ಚಾಚಿದೆ. ಅವರು ಅದನ್ನು ತೆಗೆದುಕೊಂಡರು, ಆದರೆ ಉಳಿಗೆ ಹಿಡಿಯಲಿಲ್ಲ. ಎರಡನ್ನೂ ಚೀಲಕ್ಕೆ ಹಾಕಿದರು. ಮೊಣಕಾಲು ಮಡಚಲಿಲ್ಲ, ಆಕಾಶಕ್ಕೆ ತೋರಿಸಲಿಲ್ಲ.

“ನೋಡೂದಿಲ್ಲೇನ್ರಿ?”

“ಆತ್ರಿ,” ಎಂದು ಹೊರಟರು.

ಹನ್ನೆರಡನೆಯ ದಿನ ಸಂಜೆ ತೊಟ್ಟಿಲು ಬಂತು; ನಮ್ಮ ಪಡಸಾಲೆಯ ತೊಲೆಗೆ ಅದನ್ನು ಏರಿಸಬೇಕಿತ್ತು. “ಸರಪಳಿ?” ಎಂದರು ಕಾಕಾ. ನಾನು ಗಿರಣಿಯ ಅಟ್ಟದ ಕಡೆ ನೋಡಿದೆ. ಊರೆಲ್ಲ ಬಲ್ಲ ಸಂಗತಿ ಅದು. “ಹಿತ್ತಾಳಿಗೇನ ಗೊತ್ತೈತ್ರಿ. ತರ್ರಿ,” ಎಂದರು. ಅವ್ವ ತಾನೇ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿ ಕೊಟ್ಟಳು.

ಖಾಲಿ ತೊಟ್ಟಿಲು ತೂಗಬಾರದು. ಆದರೆ ತೂಗದೆ ಗಟ್ಟಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಮರುದಿನ ಬೆಳಿಗ್ಗೆ ಹೆಂಗಸರೆಲ್ಲ ಹಿತ್ತಲಲ್ಲಿದ್ದಾಗ ನಾನು ಗಿರಣಿಯಿಂದ ಜೋಳದ ಚೀಲವೊಂದನ್ನು ಹೊತ್ತು ತಂದು ತೊಟ್ಟಿಲಲ್ಲಿ ಮಲಗಿಸಿ, ಒಂದು ಕೈಯಿಂದ ತೂಗುತ್ತ, ಮೂಲೆಗಳಿಗೆ ಕಿವಿ ಹಚ್ಚಿ ಕಿರ್ರೆನ್ನುತ್ತದೋ ಎಂದು ಕೇಳುತ್ತಿದ್ದೆ. ಬಾಗಿಲಲ್ಲಿ ಕಾಕಾ ನಿಂತಿದ್ದರು. ಎಷ್ಟೊತ್ತಿನಿಂದಲೋ.

“ಹೆಸರೇನ ಇಟ್ರಿ ಚೀಲಕ್ಕ?”

ನಾನು ತೂಗುವುದು ಬಿಟ್ಟು ತೊಟ್ಟಿಲನ್ನು ಹಿಡಿದು ನಿಲ್ಲಿಸಿದೆ.

“ಇಳಸ್ರಿ ಬಸಣ್ಣಾರ. ನಿಮ್ಮ ಮಗಳು ನಾಳೆ ಗಂಡನ್ನ ಕರಕೊಂಡ ಬಂದು ಇದರಾಗ ಕುಂತ್ರೂ ತಡಿತೈತಿ.”

ಆ ದಿನದ ಮೇಲೆ ನನ್ನ ಬಳಿ ಒಂದು ಕಥೆ ಹುಟ್ಟಿತು. ಗುಣ್ಯಾ ಇಲ್ಲದೆ ಉಣ್ಣಲೂ ಕೂರದ ಕಾಳಪ್ಪ ಕಾಕಾ ನಾನು ಮಸೆದ ಉಳಿಯನ್ನು ಪರೀಕ್ಷೆ ಮಾಡದೆಯೇ ಒಯ್ದರು ಎಂಬ ಕಥೆ. ಅದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ. ಜೀವನದಲ್ಲಿ ಬೇರೆ ಯಾವುದೂ ನೇರ ಮಾಡಲಿಲ್ಲ, ಅದೊಂದು ಉಳಿ ಮಾತ್ರ ನೇರ ಮಾಡಿದೆ ಎಂದು ಒಳಗೊಳಗೇ ಬೀಗಿದ್ದೇನೆ. ರಾತ್ರಿ ನಿದ್ದೆ ಬಾರದಿದ್ದರೆ ಅದನ್ನು ನೆನೆಸಿಕೊಂಡು ಮಲಗುತ್ತಿದ್ದೆ.

ಕೊನೆಯ ಸಲ ಕಾಕಾ ಗಿರಣಿಗೆ ಬಂದದ್ದು ಅದಾದ ಐದು ವರ್ಷಕ್ಕೆ. ಕಣ್ಣಿಗೆ ಪೊರೆ ಬಂದಿತ್ತು. ಕೆಲಸ ಬಿಟ್ಟು, ಮೊರಬಕ್ಕೆ ಕೊಟ್ಟಿದ್ದ ಮಗಳ ಮನೆಗೆ ಹೋಗಿ ಇರುವವರಿದ್ದರು. ಆ ಮೋಟು ಉಳಿಯನ್ನು ಮಸೆಯಲು ತಂದಿದ್ದರು. ಬೇರೆ ಉಳಿ ಹೋಗದ ಇಕ್ಕಟ್ಟಿನಲ್ಲಿ ಅದೊಂದೇ ಹೋಗುತ್ತದೆಂದು ಅಷ್ಟು ದಿನ ಇಟ್ಟುಕೊಂಡಿದ್ದರಂತೆ. ಇನ್ನು ಕೆಲಸವೇ ಇಲ್ಲದ ಮೇಲೆ ಯಾಕೆ ಮಸೆಯುವುದು ಎಂದು ನಾನು ಕೇಳಲಿಲ್ಲ. ಮಸೆದು ಕೊಟ್ಟೆ. ರೂಢಿಯಂತೆ ಮೊಣಕಾಲು ಮಡಚಿ ಆಕಾಶಕ್ಕೆ ತೋರಿಸಿದರು.

“ಏನಾತ್ರಿ?”

“ಏನ ಹೇಳೂದ್ರಿ. ಈಗ ನನಗ ಎಲ್ಲಾ ಕಡೆ ಬೆಳಕ ಸೋರತೈತಿ.”

ನಕ್ಕರು. ನನ್ನ ಮಗಳು ಅವರ ಚೀಲದೊಳಗೆ ಕೈ ಹಾಕುತ್ತಿದ್ದಳು. ಆಕೆಗೆ ಗುಣ್ಯಾ ಕೊಟ್ಟು ಆಡಲು ಬಿಟ್ಟರು. ಏಳುವಾಗ ಕೇಳಿದರು. “ತೊಟ್ಟಿಲ ಬಿಚ್ಚೀರೇನ್ರಿ?”

“ಇಲ್ರಿ. ತೊಲ್ಯಾಗ ಐತಿ. ಯಾಕ್ರಿ?”

“ಸುಮ್ನ. ಬಿಚ್ಚೂ ಮುಂದ ನನಗ ಹೇಳಿ ಕಳಸ್ರಿ. ನಾ ಬಂದ ಬಿಚ್ಚತೀನಿ.”

ಚಿಂತೆಗಾರನ ಕೈಗೆ ಇಂಥ ಮಾತು ಕೊಡಬಾರದು. ಯಾಕೆ ಅವರೇ ಬಿಚ್ಚಬೇಕು? ಎರಡು ವರ್ಷ ನಾನು ಆ ತೊಟ್ಟಿಲಿನ ಕೆಳಗೆ ಹಾಯುವಾಗೆಲ್ಲ ತಲೆ ಎತ್ತಿ ನೋಡಿದೆ. ಗೂಟ ಬಡಿದಿರುವ ರೀತಿ ಅವರಿಗೇ ಗೊತ್ತು, ನಾನು ಬಡಿದು ಅರಗು ಚಿಪ್ಪು ಹಾರಿಸಿಯೇನು ಎಂಬ ಕಾಳಜಿ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ಒಂದು ದಿನ ಮೊರಬದ ಕಡೆಯಿಂದ ಬಂದ ಬಸ್ಸಿನಲ್ಲಿ ಸುದ್ದಿ ಬಂತು. ನನಗೆ ತಲುಪುವ ಹೊತ್ತಿಗೆ ಮಣ್ಣು ಮುಗಿದು ಐದು ದಿನವಾಗಿತ್ತು.

ಮರುವರ್ಷ ಗುಡಗೇರಿಗೆ ಕೊಟ್ಟಿದ್ದ ನನ್ನ ತಂಗಿ ಶಾರದಾಗೆ ಕೂಸು ಹುಟ್ಟಿತು. ಅದೇ ತೊಟ್ಟಿಲು ಬೇಕೆಂದಳು. ಬಸ್ಸು, ಆಮೇಲೆ ರೈಲು, ಬಿಚ್ಚದೆ ಒಯ್ಯುವಂತಿಲ್ಲ. ಗಿರಿಜಾ ಕಂಬ ಹಿಡಿದಳು, ನಾನು ಗೂಟ ಹೊರಗೆ ಬಡಿದೆ. ಕಂಬಗಳ ಬುಡದಲ್ಲಿ ಕಾಕಾ ಉಳಿಯಿಂದ ಗುರುತು ಹಾಕಿದ್ದರು, ಒಂದು ಗೀಟು, ಎರಡು ಗೀಟು, ಮೂರು, ನಾಲ್ಕು. ಮೊದಲ ಮೂರು ಕಂಬದ ನಾಲಿಗೆಗಳು ಬೆಣ್ಣೆಯಿಂದ ಚಾಕು ಬಂದಂತೆ ಬಂದವು. ನಾಲ್ಕನೆಯದರಲ್ಲಿ ನಾಲಿಗೆಯ ಒಂದು ಮಗ್ಗುಲಿಗೆ ಬೇರೊಂದು ಚಕ್ಕೆ ಅಂಟಿತ್ತು.

ಸಾಗವಾನಿಯದೇ ಚಕ್ಕೆ. ಒಂದು ತುದಿಯಲ್ಲಿ ಉಗುರಿನಷ್ಟು ದಪ್ಪ. ಅಲ್ಲಿಂದ ತೆಳುವಾಗುತ್ತ ಹೋಗಿ ಇನ್ನೊಂದು ತುದಿಯಲ್ಲಿ ಉಳ್ಳಾಗಡ್ಡಿ ಸಿಪ್ಪೆಯಷ್ಟೇ ಉಳಿದಿತ್ತು. ಅರಗಿನಿಂದ ಅಂಟಿಸಿದ್ದರು. ಅದರ ಮೈಮೇಲೆ ಕೆಂಪು ಬಣ್ಣ ಸವರಿ, ಕೂರಿಸಿ, ತೆಗೆದು, ಬಣ್ಣ ಹೋದಲ್ಲಿ ಕೆತ್ತಿ, ಮತ್ತೆ ಸವರಿ, ಮತ್ತೆ ಕೂರಿಸಿದ ಗುರುತು. ಎಷ್ಟು ಸಲವೋ. ಆ ಹೆಗಲಿನಿಂದ. ನಾನು ತೂತಿನ ಒಳಗೆ ಬೆರಳು ಹಾಕಿ ನೋಡಿದೆ. ಒಳಗೋಡೆ ಬಲಕ್ಕೆ ಸರಿಯುತ್ತ ಇಳಿದಿತ್ತು.

“ಏನ್ರೀ ಅದು?” ಎಂದಳು ಗಿರಿಜಾ.

ಅದು ನನ್ನ ಓರೆಯ ಅಚ್ಚು. ಅಂದು ಅಟ್ಟದ ಸರಪಳಿ ಕೇಳುತ್ತ, ಕಣ್ಣಿಗೆ ಬೆವರಿಳಿದು ಮಸೆದ ಉಳಿ ಎಷ್ಟು ತಪ್ಪಿತ್ತೋ ಅಷ್ಟೇ ಅಳತೆಯ ಕಟ್ಟಿಗೆ. ಮೊದಲಿಗೆ ಬಂದದ್ದು ಹಳೆಯ ಚಿಂತೆಯೇ: ಮಗಳು ಮೂರು ವರ್ಷ ಇದರಲ್ಲಿ ಮಲಗಿದ್ದಳಲ್ಲ. ಆಮೇಲೆ ನಾಚಿಕೆಯಾಯಿತು, ಎಂಟು ವರ್ಷ ಹೇಳಿದ ಕಥೆಯ ನೆನಪಾಗಿ. ಉಳಿಯನ್ನು ತಿರುಗಿ ತಂದು, ಬೆಳಕು ಸೋರುತ್ತಿದೆ ಎಂದು ಅವರು ಹೇಳಬಹುದಿತ್ತು. ಹೇಳಿದ್ದರೆ ಆ ಮೂರು ದಿನ ನಾನು ಉಳಿಯನ್ನೂ ಉಳಿಸುತ್ತಿರಲಿಲ್ಲ, ನನ್ನನ್ನೂ. ಕಟ್ಟೆಯ ಮೇಲೆ ಗುಣ್ಯಾ ಹಿಡಿಯದೆ ಹೋದದ್ದು ಯಾಕೆಂದು ಈಗ ಕೇಳೋಣವೆಂದರೆ ಯಾರನ್ನು ಕೇಳುವುದು? ಮನೆಗೆ ಹೋಗಿ, ತೂತು ಸೊಟ್ಟಗಾದ ಮೇಲೆ ನೋಡಿರಬೇಕು, ಮೊಣಕಾಲು ಮಡಚಿ, ಒಬ್ಬರೇ.

ಚಕ್ಕೆಯನ್ನು ಕಾಗದದಲ್ಲಿ ಸುತ್ತಿ ಅಂಗಿಯ ಕಿಸೆಯಲ್ಲಿಟ್ಟುಕೊಂಡೆ. ಗುಡಗೇರಿಯ ತನಕ ತಿಕೀಟಿಗಿಂತ ಹೆಚ್ಚು ಸಲ ಅದನ್ನು ಮುಟ್ಟಿ ನೋಡಿದೆ. ಅಲ್ಲಿ ತಂಗಿಯ ಮನೆಯ ತೊಲೆಯ ಕೆಳಗೆ ಒಂದೊಂದೇ ಕಂಬ ಕೂಡಿಸಿದೆ. ನಾಲ್ಕನೆಯದಕ್ಕೆ ಅರಗು ಬಿಸಿ ಮಾಡಿ ಚಕ್ಕೆಯನ್ನು ಅದೇ ಮಗ್ಗುಲಿಗೆ, ದಪ್ಪ ತುದಿ ಒಳಗಾಗಿ ಅಂಟಿಸಿ, ನಾಲಿಗೆಯನ್ನು ತೂತಿನ ಬಾಯಿಗಿಟ್ಟೆ. ಹೆಬ್ಬೆರಳು ಬೇಕಾಗಲಿಲ್ಲ, ತನ್ನ ಭಾರದಿಂದ ತಾನೇ ಹೋಗಿ ಕೂತಿತು. ಬಾಗಿಲ ಬೆಳಕಿಗೆ ತಿರುಗಿಸಿ, ಮೊಣಕಾಲು ಮಡಚಿ, ಒಂದು ಕಣ್ಣು ಮುಚ್ಚಿ ಒಮ್ಮೆ ನೋಡಿದೆ.

“ಯಾಕಣ್ಣಾ, ಏನರ ಕೆಟ್ಟೈತೇನು?” ಎಂದಳು ಶಾರದಾ, ಕೂಸನ್ನು ಎದೆಗೆ ಅವುಚಿಕೊಂಡು. ಆಕೆಯೂ ನಮ್ಮ ಅವ್ವನ ಹೊಟ್ಟೆಯಲ್ಲಿ ಹುಟ್ಟಿದವಳೇ, ನನ್ನ ಹಾಗೇ ಮುಖದ ಮೇಲೆ ಎಲ್ಲ ಬರೆದುಕೊಂಡು ನಿಂತಿದ್ದಳು.

“ಏನಿಲ್ಲವ್ವಾ,” ಎಂದೆ. “ಕತ್ತಲ ಐತಿ. ಹಾಕು ಕೂಸನ್ನ.”